ಹಸಿ ಹಕ್ಕರಕಿಯ ಸತ್ವ

ಈಚೆಗೆ ನನಗೆ ತಿನ್ನುವ ಪದಾರ್ಥಗಳನ್ನು ಕಂಡರೆ ಭಯ. ಹಾವು ಕಂಡು ಹೆದರುವವನಿಗೆ ಮರ್ಯಾದೆಯಿದೆ. ಮೊಳಕೆಯೊಡೆದ ಮಡಕಿಕಾಳು ಕಂಡು ಬೆವರುವ ಎಂ.ಎಸ್ಸಿ. ಮೇಷ್ಟ್ರಿಗೆ ನಮ್ಮ ಸಪ್ತಾಪುರದ ಓಣಿಯಲ್ಲಿ ಯಾವ ಮರ್ಯಾದೆ?

ಹೆಂಡತಿ ಸುಧಾಳಿಗೆ ಕ್ಯಾನ್ಸರ್. ಕೀಮೋ ಕೊಟ್ಟು ಮನೆಗೆ ಕಳಿಸುವಾಗ ಹುಬ್ಬಳ್ಳಿಯ ಡಾಕ್ಟರು, "ಬಿಳಿ ರಕ್ತಕಣ ಭಾಳ ಇಳದಾವ್ರಿ. ಹಸೀದು ಏನೂ ಬ್ಯಾಡ, ಎಲ್ಲಾ ಕುದಿಸಿ ಕೊಡ್ರಿ" ಎಂದಿದ್ದರು. ಆದರೆ ನಮ್ಮ ಬಂಧುಬಳಗವೆಲ್ಲ ಭಾನುವಾರದ ಪುರವಣಿ ಓದಿ ಪಂಡಿತರಾದವರು. ಅಗಸಿ, ನೆಲ್ಲಿಕಾಯಿ, ಗೋಧಿಹುಲ್ಲಿನ ರಸ: ಒಂದೊಂದೂ ರೋಗನಿರೋಧಕ ಶಕ್ತಿ ಹೆಚ್ಚಿಸುವಂಥದ್ದೇ. ತಂದದ್ದನ್ನು ರೋಗಿ ತಮ್ಮೆದುರೇ ಒಂದು ತುತ್ತು ತಿನ್ನುವವರೆಗೆ ಯಾರೂ ಏಳುವುದಿಲ್ಲ.

ಗೋಪನಕೊಪ್ಪದಿಂದ ನನ್ನ ಚಿಕ್ಕಪ್ಪನ ಹೆಂಡತಿ ಮಾಲಾ ಕಾಕು ಬಂದಳು. ಸುಳ್ಳ ಎಂಬ ಊರಿನ ಹೊಲದಿಂದ ಕಿತ್ತು ತಂದ, ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹಕ್ಕರಕಿ ಸೊಪ್ಪು, ಜೊತೆಗೆ ಬಿಸಿ ರೊಟ್ಟಿ.

"ಬ್ಯಾಡ ಕಾಕು, ಡಾಕ್ಟರ್ ಬೈತಾರ."

"ನಿನ್ನ ಡಾಕ್ಟರ್ ಹಕ್ಕರಕಿ ಕಂಡಾನೇನಲೇ? ಕುದಿಸಿದ್ರ ಸತ್ವ ಎಲ್ಲಾ ನೀರಿಗೆ ಹೋತು. ಏಳವ್ವಾ ಸುಧಾ, ಒಂದ್ ತುತ್ತು!"

ಸುಧಾ ನಕ್ಕು ಬಾಯಿ ತೆರೆದಳು. ಕಾಕುವಿನ ಮನಸ್ಸು ನೋಯಬಾರದಲ್ಲ.

ಮರುದಿನ ಸಂಜೆ ಸುಧಾಳಿಗೆ ಚಳಿಜ್ವರ ಹತ್ತಿತು. ಹುಬ್ಬಳ್ಳಿಗೆ ಹೋಗುವ ಗಾಡಿಯಲ್ಲಿ, ನವನಗರ ದಾಟುವಾಗ, ಅವಳ ಹಲ್ಲು ಕಟಕಟನೆ ಬಡಿದುಕೊಂಡ ಸದ್ದು ಈಗಲೂ ಕೇಳುತ್ತದೆ. ಯಾರೋ ಸುಮ್ಮನೆ ಶೇಂಗಾ ಅಗಿದರೂ ನಾನು ಎದ್ದು ನಿಲ್ಲುತ್ತೇನೆ. "ಆ ಸೊಪ್ಪಿನಿಂದನ ಅಂತ ಹೇಳಾಕ ಬರೂದಿಲ್ರಿ" ಎಂದರು ಡಾಕ್ಟರು. ಅಲ್ಲ ಎಂದೂ ಹೇಳಲಿಲ್ಲ.

ದೇಹದಲ್ಲೊಂದು ಸೈನ್ಯವಿದೆ, ಒಳ್ಳೆಯ ಆಹಾರ ಅದರ ದಿನಸಿ ಎನ್ನುತ್ತವೆ ಪುಸ್ತಕಗಳು. ಗಟ್ಟಿ ಮೈಯವರಿಗೆ ನಿಜವಿರಬಹುದು. ಜ್ವರ ಇಳಿದ ಮೇಲೆ ಇದನ್ನು ಸುಧಾಳಿಗೆ ವಿವರಿಸಿದೆ, ಮೇಷ್ಟ್ರ ಚಟ. ಅವಳು, "ಸೈನ್ಯನ ಸತ್ತು ಬಿದ್ದೈತಿ. ನೀವೆಲ್ಲಾ ಯಾರಿಗೆ ಊಟದ ಎಲಿ ಹಾಕಾಕತ್ತೀರಿ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಬರುವ ವಾರ ಮತ್ತೆ ಕೀಮೋ, ಮತ್ತೆ ಕಣಗಳು ಇಳಿಯುತ್ತವೆ. ಇನ್ನೊಂದು ಜ್ವರವನ್ನು ಅವಳು ತಡೆಯಲಾರಳು ಎಂದಿದ್ದಾರೆ ಡಾಕ್ಟರು.

ನಿನ್ನೆ ಕಾಕು ಫೋನಿನಲ್ಲಿ ಅತ್ತಳು. ಅತ್ತು ಮುಗಿಸಿ, "ಮನ್ಯಾಗ ಹೆಪ್ಪು ಹಾಕಿದ ಮೊಸರು ತರ್ಲೇನು? ಶಕ್ತಿ ಬರ್ತೈತಂತ" ಎಂದು ಕೇಳಿದಳು.

"ಬಾ ಕಾಕು. ಆದ್ರ ಬರಿಗೈಲೆ ಬಾ."

ಕಾಕುವಿನ ದನಿ ಸಣ್ಣದಾಯಿತು: "ಬರಿಗೈಲೆ ಬಂದು ಏನ್ ಮಾಡ್ಲೋ?"

ಸುಧಾಳ ಪಕ್ಕ ನಾನೂ ಇಷ್ಟು ದಿನದಿಂದ ಬರಿಗೈಯಲ್ಲೇ ಕೂತಿದ್ದೇನೆ. "ಅಕಿ ಪಕ್ಕ ಕೂಡು ಬಾ" ಎಂದೆ.