ಮಮ್ಮಿ ಒಣಗಿಸಿಟ್ಟು ಹೋದ ಬೀಫ್

ಆಗ ದುಬೈಗೆ ಮೆಟ್ರೋ ಬಂದಿರಲಿಲ್ಲ. ಕರಾಮದಲ್ಲಿ ನಮ್ಮ ಕಟ್ಟಡದ ಹಿಂದೆ ಮರಳಿನ ಖಾಲಿ ಜಾಗವೊಂದಿತ್ತು. ಅಲ್ಲಿ ನಿಂತ ಕಾರುಗಳ ನಡುವೆ ನಾವು ಮಕ್ಕಳು ಸಂಜೆ ಹೊತ್ತು ಒಡೆದ ಟೈಲ್ಸ್ ಚೂರು ಪೇರಿಸಿ ಲಗೋರಿ ಆಡುತ್ತಿದ್ದೆವು. ಚೆಂಡು ಯಾರದೋ ಕಾರಿನ ಗಾಜಿಗೆ ತಾಗಿತೋ, ಎಲ್ಲರೂ ಓಟ. ಊರಿಗೆ ಫೋನ್ ಮಾಡಬೇಕೆಂದರೆ ಕಾರ್ಡು ಉಜ್ಜಿ ಉದ್ದನೆಯ ನಂಬರ್ ಒತ್ತಬೇಕಿತ್ತು. ಮಾತು ಮುಗಿಯುವ ಮೊದಲೇ ಕಾರ್ಡು ಮುಗಿಯುತ್ತಿತ್ತು. ಶಾಲೆ ಬಿಟ್ಟು ಮೆಟ್ಟಿಲು ಹತ್ತುವಾಗ ಯಾವ ಬಾಗಿಲಿನ ಹಿಂದೆ ಯಾವ ಊರಿನವರು ಇದ್ದಾರೆಂದು ಒಗ್ಗರಣೆಯ ವಾಸನೆಯೇ ಹೇಳುತ್ತಿತ್ತು. ಗಲ್ಫಿನಲ್ಲಿ ಬೆಳೆದ ನನ್ನ ಓರಗೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ನಾನಾಗ ಐದನೇ ಕ್ಲಾಸು. ಮನೆಯಲ್ಲಿ ಮೂರೇ ಜನ: ಪಪ್ಪ, ಮಮ್ಮಿ, ನಾನು. ಕಿನ್ನಿಗೋಳಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು ನಾವು. ಪಪ್ಪ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಬೆಳಿಗ್ಗೆ ಐದೂವರೆಗೆ ಕಂಪನಿ ಬಸ್ಸು ಹತ್ತಿದರೆ ಮನೆಗೆ ಬರುವಾಗ ಏಳು ದಾಟುತ್ತಿತ್ತು. ಮಮ್ಮಿ ಪಪ್ಪನ ವೀಸಾದ ಮೇಲೆ ಬಂದು ಮೂರು ವರ್ಷವಾಗಿತ್ತು, ಮನೆಯಲ್ಲೇ ಇರುತ್ತಿದ್ದಳು. ಎದುರಿನ ಫ್ಲ್ಯಾಟಿನಲ್ಲಿ ಉಡುಪಿಯ ವಾರಿಜಕ್ಕ ಮತ್ತು ಅವರ ಗಂಡ.

ಆ ಜೂನಿನಲ್ಲಿ ನಮ್ಮ ವೀಸಾ ನವೀಕರಣ ಬಂತು. ದೊಡ್ಡವರು ರಕ್ತ ಕೊಟ್ಟು ಎದೆಯ ಎಕ್ಸ್-ರೇ ತೆಗೆಸಬೇಕಿತ್ತು. ಪಪ್ಪನ ಕಾಗದ ಎರಡು ದಿನದಲ್ಲಿ ಸಿಕ್ಕಿತು. ಮಮ್ಮಿಯದು ಸಿಗಲಿಲ್ಲ. ಅವಳನ್ನು ಮತ್ತೊಮ್ಮೆ ಕರೆಸಿ ಮತ್ತೊಂದು ಚಿತ್ರ ತೆಗೆದರು. ಆ ದಿನ ಪಪ್ಪ ಕೆಲಸಕ್ಕೆ ರಜೆ ಹಾಕಿ ಅವಳ ಜೊತೆ ಹೋಗಿದ್ದರು. ಇಬ್ಬರೂ ವಾಪಸು ಬಂದಾಗ ನಾನು ವಾರಿಜಕ್ಕನ ಮನೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದೆ. ಬಾಗಿಲಲ್ಲಿ ನಿಂತ ಮಮ್ಮಿ ವಾರಿಜಕ್ಕನಿಗೆ ಥ್ಯಾಂಕ್ಸ್ ಕೂಡ ಹೇಳದೆ ನನ್ನ ಕೈ ಹಿಡಿದು ಕರೆದುಕೊಂಡು ಹೋದಳು. ಕಿನ್ನಿಗೋಳಿಯ ಅಜ್ಜಿಗೆ ಹುಷಾರಿಲ್ಲ, ಮಮ್ಮಿ ಒಂದು ತಿಂಗಳು ಹೋಗಿ ಬರುತ್ತಾಳೆ ಎಂದು ನನಗೆ ಹೇಳಿದರು. ನಾನೂ ಬರುತ್ತೇನೆ ಎಂದೆ. ಶಾಲೆ ಇದೆಯಲ್ಲ ಎಂದರು ಪಪ್ಪ.

ಮರುದಿನವೇ ಮಮ್ಮಿ ಮಾರ್ಕೆಟಿನಿಂದ ಆರು ಕಿಲೋ ಬೀಫ್ ತಂದಳು. ಕೊಬ್ಬಿಲ್ಲದ ತೊಡೆಯ ಮಾಂಸವೇ ಆಗಬೇಕೆಂದು ಅಂಗಡಿಯವನ ಹತ್ತಿರ ಜಗಳ ಮಾಡಿ ತಂದದ್ದು. ಊರಿನಲ್ಲಿ ಅವಳ ತಾಯಿ ಮಳೆಗಾಲಕ್ಕೆ ಮುಂಚೆ ಹೀಗೆ ಮಾಂಸ ಒಣಗಿಸಿ, ಒಲೆಯ ಮೇಲೆ ಹೊಗೆ ತಾಗುವಲ್ಲಿ ತೂಗುಹಾಕುತ್ತಿದ್ದರಂತೆ. ಒಣಗಿದ್ದು ಆರು ತಿಂಗಳಾದರೂ ಕೆಡುವುದಿಲ್ಲ. ನೀರಲ್ಲಿ ನೆನೆಸಿ, ಜಜ್ಜಿ, ಈರುಳ್ಳಿಯ ಜೊತೆ ಹುರಿದರೆ ಗಂಜಿಗೆ ಬೇರೇನೂ ಬೇಡ. ಪಪ್ಪನಿಗೆ ಗೊತ್ತಿದ್ದ ಅಡುಗೆ ಅನ್ನ ಮತ್ತು ಆಮ್ಲೆಟ್ ಎರಡೇ.

ಅಡುಗೆಮನೆಯ ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಎಳೆಯ ಉದ್ದಕ್ಕೇ ಬೆರಳುದಪ್ಪದ ಪಟ್ಟಿಗಳಾಗಿ ಅವಳು ಮಾಂಸ ಕೊಯ್ದಳು. ಅಡ್ಡ ಕೊಯ್ದರೆ ಒಣಗಿದ ಮೇಲೆ ಪುಡಿಯಾಗುತ್ತದೆ ಎಂದು ತೋರಿಸಿಕೊಟ್ಟಳು. ಉಪ್ಪು, ಅರಸಿನ, ಕುಟ್ಟಿದ ಕಾಳುಮೆಣಸು, ವಿನೆಗರ್ ಹಾಕಿ ತಿಕ್ಕುವ ಕೆಲಸ ನನ್ನದು. ಮೂರು ದಿನ ನನ್ನ ಉಗುರು ಹಳದಿಯಾಗಿತ್ತು. ಶಾಲೆಯಲ್ಲಿ ಹುಡುಗಿಯರು ಮೂಸಿ ನೋಡಿ ಮೂಗು ಮುಚ್ಚಿಕೊಂಡರು.

ಒಣಗಿಸಲು ಟೆರೇಸೇ ಬೇಕಿತ್ತು. ಅದರ ಕೀಲಿ ಕಟ್ಟಡದ ನಾತೂರ್ ಹತ್ತಿರ. ಪೇಶಾವರ ಕಡೆಯ ಆ ಕಾವಲುಗಾರ ಮೊದಲು ಆಗುವುದಿಲ್ಲ ಎಂದ. ಮಮ್ಮಿ ಅವನಿಗೆ ಏನು ಹೇಳಿದಳೋ ತಿಳಿಯದು, ಅರ್ಧ ಹಿಂದಿಯಲ್ಲಿ, ಅರ್ಧ ಕೈಸನ್ನೆಯಲ್ಲಿ. ಅವನು ಕೀಲಿ ಕೊಟ್ಟದ್ದಲ್ಲದೆ ಹಗ್ಗವನ್ನೂ ತಂದು ನೀರಿನ ಟ್ಯಾಂಕಿನಿಂದ ಡಿಶ್ ಆಂಟೆನಾದ ಕಂಬದವರೆಗೆ ಕಟ್ಟಿಕೊಟ್ಟ. ಗೋಣಿ ಹೊಲಿಯುವ ಸೂಜಿಯಲ್ಲಿ ಪೋಣಿಸಿದ ಪಟ್ಟಿಗಳನ್ನು ಮಮ್ಮಿ ಅದಕ್ಕೆ ತೂಗುಹಾಕಿ, ಮೇಲೆ ತೆಳು ಬಟ್ಟೆ ಹೊದಿಸಿದಳು. ಅದೇ ಟೆರೇಸಿನ ಇನ್ನೊಂದು ತುದಿಯಲ್ಲಿ ವಾರಿಜಕ್ಕ ಹಪ್ಪಳ ಒಣಗಿಸುತ್ತಿದ್ದರು. ಮಮ್ಮಿಗೆ ಅದೇ ಸಂಕೋಚ. ಹಪ್ಪಳ ತೆಗೆಯಲು ಬಂದ ವಾರಿಜಕ್ಕ ಒಮ್ಮೆ ಹಗ್ಗದ ಕಡೆ ನೋಡಿದರು, ಒಮ್ಮೆ ಮಮ್ಮಿಯ ಮುಖ ನೋಡಿದರು. ನಾಳೆಯಿಂದ ಬಿಸಿಲು ಜೋರಂತೆ ಎಂದಷ್ಟೇ ಹೇಳಿ ಇಳಿದುಹೋದರು. ಮರುದಿನದಿಂದ ಅವರ ಹಪ್ಪಳ ಮೇಲೆ ಬರಲಿಲ್ಲ.

ಶಾಲೆಯಿಂದ ಬಂದವಳೇ ನಾನು ಟೆರೇಸಿಗೆ ಹೋಗಿ ಟ್ಯಾಂಕಿನ ನೆರಳಲ್ಲಿ ಮಮ್ಮಿಯ ಪಕ್ಕ ಕಾಗೆ ಓಡಿಸುತ್ತ ಕೂರುತ್ತಿದ್ದೆ. ನೆಲ ಕಾದು ಚಪ್ಪಲಿ ಮೆತ್ತಗಾಗುತ್ತಿತ್ತು. ಮಾಂಸ ಕೆಂಪು ಬಿಟ್ಟು ಕಪ್ಪಾಗುತ್ತಿತ್ತು, ಮೆಣಸು ಮತ್ತು ಉಪ್ಪಿನ ಘಾಟು ವಾಸನೆ ಬಿಸಿಗಾಳಿಯ ಜೊತೆ ಬಂದು ಬಾಯಲ್ಲಿ ನೀರೂರಿಸುತ್ತಿತ್ತು. ಎರಡನೇ ದಿನ ನಾನು ಕೇಳಿದೆ, ಒಂದು ತಿಂಗಳಿಗೆ ಇಷ್ಟೆಲ್ಲ ಯಾಕೆ ಎಂದು.

ಮಮ್ಮಿ ಎದ್ದು ಹಗ್ಗದ ಮೇಲಿನ ಬಟ್ಟೆ ಸರಿಮಾಡಿ ಬಂದು ಕೂತಳು. ಆಮೇಲೆ ಹೇಳಿದಳು. "ನಾನು ನಿನ್ನಷ್ಟಿರುವಾಗ ನನಗೆ ಕೆಮ್ಮಿನ ಕಾಯಿಲೆ ಬಂದಿತ್ತು ಪುತಾ. ಮದ್ದು ತಿಂದು ಗುಣ ಆಯ್ತು. ಆದ್ರೆ ಎದೆಯೊಳಗೆ ಅದರ ಕಲೆ ಉಂಟಂತೆ. ಮೊನ್ನೆ ಫೋಟೋದಲ್ಲಿ ಕಂಡಿತಂತೆ. ಕಲೆ ಇದ್ದವರು ಇಲ್ಲಿ ಇರ್ಲಿಕ್ಕಾಗುದಿಲ್ಲ."

"ಗುಣ ಆಗಿದೆಯಲ್ಲ?"

"ಆಗಿದೆ."

"ಹಾಗಾದ್ರೆ ಅವರಿಗೆ ಹೇಳು."

"ಹೇಳಿದೆವು ಪುತಾ."

ಮೂರು ವರ್ಷದ ಹಿಂದೆ ಯಾರ ಕಣ್ಣಿಗೂ ಬೀಳದಿದ್ದ ಕ್ಷಯದ ಕಲೆ ಅದು. ಹಳೆಯ ಕಲೆ ಕಂಡರೂ ದೇಶ ಬಿಡಬೇಕು, ಆಗಿನ ನಿಯಮ ಹಾಗಿತ್ತು. ಎಕ್ಸ್-ರೇ ಕೊಠಡಿಯವರು ಒಳ್ಳೆಯವರೇ, ಕುಡಿಯಲು ನೀರು ಕೊಟ್ಟರು ಎಂದಳು ಮಮ್ಮಿ. ಪಪ್ಪ ಯಾರು ಯಾರನ್ನೋ ಕಂಡು ಅರ್ಜಿ ಕೊಟ್ಟಿದ್ದಾರೆ, ಮೂರು ತಿಂಗಳಲ್ಲಿ ಸರಿಯಾಗಬಹುದು, ಅದಕ್ಕೇ ನನ್ನನ್ನು ಶಾಲೆ ಬಿಡಿಸುವುದಿಲ್ಲ ಎಂದಳು. ಹಿಂದಿನ ಚಳಿಗಾಲದಲ್ಲಿ ನನಗೆ ವಾರಗಟ್ಟಲೆ ಕೆಮ್ಮು ಇತ್ತು. ನನ್ನಿಂದಲೇ ಅವಳಿಗೆ ಅಂಟಿತೇನೋ, ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡುತ್ತಿದ್ದಾಳೇನೋ ಎಂದು ಹೆದರಿದೆ. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಅಂದಿನಿಂದ ಕೆಮ್ಮು ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಕೆಮ್ಮುತ್ತಿದ್ದೆ.

ಗುರುವಾರ ಗಾಳಿ ತಿರುಗಿತು. ಸಮುದ್ರದ ಕಡೆಯಿಂದ ತೇವ ಬಂದು ಕಿಟಕಿಯ ಗಾಜೆಲ್ಲ ಬೆವರಿತು. ನಾವು ಮೇಲೆ ಹೋಗಿ ಬಟ್ಟೆ ಎತ್ತಿದರೆ ಪಟ್ಟಿಗಳೆಲ್ಲ ಅಂಟಂಟು. ಟ್ಯಾಂಕಿನ ಹತ್ತಿರದವು ಆಗಲೇ ಲೋಳೆ ಬಂದು ಹುಳಿ ವಾಸನೆ ಹೊಡೆಯುತ್ತಿದ್ದವು. ಮಮ್ಮಿ ಒಂದೊಂದನ್ನೇ ಮೂಸಿ ನೋಡಿದಳು. ಹತ್ತು ಹನ್ನೆರಡು ನೋಡಿದ ಮೇಲೆ ಕೈಬಿಟ್ಟು, ಆ ಕಾದ ನೆಲದ ಮೇಲೆ ಹಾಗೆಯೇ ಕುಸಿದು ಕೂತು ಅತ್ತಳು. ಎಕ್ಸ್-ರೇ ದಿನದಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಅವಳ ಬೆನ್ನು ಮುಟ್ಟಲೂ ಭಯವಾಯಿತು. ಕಾಗೆ ಇರಲಿಲ್ಲ, ಆದರೂ ನಾನು ಪೇಪರ್ ಬೀಸುತ್ತ ನಿಂತೆ.

ಅವಳ ವಿಮಾನ ಶನಿವಾರ ಸಂಜೆಗೆ. ಆ ಗುರುವಾರ ಸಂಜೆ ಏಳು ಗಂಟೆಗೆ ಪಪ್ಪ ಬಂದಾಗ ಮಾಂಸವೆಲ್ಲ ಅಡುಗೆಮನೆಯ ನೆಲದ ಮೇಲೆ ರಾಶಿ ಬಿದ್ದಿತ್ತು.

"ಬಿಸಾಡುವ," ಎಂದಳು ಮಮ್ಮಿ. "ಇನ್ನು ನನ್ನ ಕೈಯಲ್ಲಿ ಆಗುದಿಲ್ಲ."

ಪಪ್ಪ ಶೂ ಬಿಚ್ಚದೆ ನೆಲದಲ್ಲಿ ಕೂತರು. "ಎಲ್ಲ ಹಾಳಾಗಿಲ್ಲ ಅಲ್ಲ? ಆರಿಸುವ."

ಅರ್ಧಕ್ಕಿಂತ ಹೆಚ್ಚು ಎಸೆಯಬೇಕಾಯಿತು. ಉಳಿದದ್ದನ್ನು ವಿನೆಗರಿನಲ್ಲಿ ತೊಳೆದು ಮತ್ತೆ ಉಪ್ಪು ತಿಕ್ಕಿದೆವು. ಎ.ಸಿ. ಹಾಕಿದರೆ ತುಟಿಯೇ ಒಣಗುತ್ತದೆ, ಮಾಂಸ ಒಣಗದೇ ಎಂದು ಪಪ್ಪನಿಗೆ ಹೊಳೆಯಿತು. ಬೆಡ್‌ರೂಮಿನ ಕಿಟಕಿ ಮುಚ್ಚಿ, ಕಪಾಟಿನಿಂದ ಕರ್ಟನ್ ಕಂಬಿಗೆ ನಾಲ್ಕು ಸಾಲು ಹಗ್ಗ ಕಟ್ಟಿದರು. ನಮ್ಮ ಮನೆಯ ಒಂದು ಫ್ಯಾನ್ ಸಾಲದೆ ವಾರಿಜಕ್ಕನ ಬಾಗಿಲು ತಟ್ಟಿದರು. ಎಂತಕ್ಕೆ ಎಂದು ಪಪ್ಪ ಹೇಳಲಿಲ್ಲ, ಅವರೂ ಕೇಳಲಿಲ್ಲ. ವಾಸನೆ ವರಾಂಡದ ತುಂಬ ಇತ್ತು. ಅವರು ಸ್ಟ್ಯಾಂಡ್ ಫ್ಯಾನನ್ನು ತಾವೇ ತಳ್ಳಿಕೊಂಡು ನಮ್ಮ ಹೊಸ್ತಿಲವರೆಗೆ ತಂದರು. "ವಾಪಸು ಕೊಡ್ಲಿಕ್ಕೆ ಅವಸರ ಮಾಡ್ಬೇಡಿ," ಎಂದು ಹೇಳಿ, ಒಳಗೆ ಬಾರದೆ ಹೋದರು.

ಶುಕ್ರವಾರ ಇಡೀ ದಿನ ನಾವು ಮೂವರು ಆ ಒಂದೇ ಕೋಣೆಯಲ್ಲಿದ್ದೆವು. ಬಾಗಿಲು ತೆರೆದರೆ ತೇವ ಬರುತ್ತದೆ, ಆದ್ದರಿಂದ ಊಟವೂ ಅಲ್ಲೇ. ತಲೆಯ ಮೇಲೆ ಸಾಲು ಸಾಲು ಮಾಂಸ, ಎರಡು ಫ್ಯಾನಿನ ಸದ್ದು, ಕೊರೆಯುವ ಚಳಿ. ಮಂಚದ ಮೇಲೆ ಒಂದೇ ರಜಾಯಿಯಲ್ಲಿ ಮೂವರೂ ಕಾಲು ಚಾಚಿ ಕೂತೆವು. ಮಮ್ಮಿ ನನ್ನ ತಲೆ ಬಾಚಿ ಜಡೆ ಹೆಣೆಯುತ್ತ, ಹೇಗೆ ಮೂರು ಪಾಲು ಮಾಡಬೇಕೆಂದು ಪಪ್ಪನಿಗೆ ತೋರಿಸಿದಳು. ಅವರು ಹೆಣೆದದ್ದು ಬಿಚ್ಚಿಹೋಯಿತು. ಇನ್ನೊಮ್ಮೆ ಎಂದಳು. ಮತ್ತೆ ಬಿಚ್ಚಿಹೋಯಿತು. ಮೂರನೇ ಸಲ ಯಾರೂ ನಗಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಒಂದು ಪಟ್ಟಿ ತೆಗೆದು ಬಗ್ಗಿಸಿ ನೋಡಿದಳು. ಬಿರುಕು ಬಿಟ್ಟಿತು, ಮುರಿಯಲಿಲ್ಲ. ಹಾಗಾದರೆ ಒಣಗಿದೆ ಎಂದು ಅರ್ಥ. ಆರು ಕಿಲೋದಲ್ಲಿ ಉಳಿದದ್ದೆಲ್ಲ ಹಾಲಿನ ಪುಡಿಯ ಒಂದು ಡಬ್ಬಿಯೊಳಗೆ ಅಡಗಿಹೋಯಿತು. ವಿಮಾನ ನಿಲ್ದಾಣದಲ್ಲಿ ಗಾಜಿನ ಆಚೆ ಅವಳು ತಿರುಗಿ ನೋಡುತ್ತಾಳೆಂದು ನಾನು ಕೈ ಎತ್ತಿಕೊಂಡೇ ಇದ್ದೆ. ಅವಳು ತಿರುಗಲಿಲ್ಲ. ತಿರುಗಿದ್ದರೆ ಹೋಗಲಿಕ್ಕಾಗುತ್ತಿರಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ಹೇಳಿದಳು.

ಪಪ್ಪ ಮೊದಲ ಸಲ ನೆನೆಸಲು ಮರೆತು ಹಾಗೆಯೇ ಹುರಿದರು. ಬಾಯಿಗಿಡಲಾರದಷ್ಟು ಉಪ್ಪು. ಆದರೂ ಇಬ್ಬರೂ ತಿಂದೆವು. ಆ ಸಂಜೆ ಮಮ್ಮಿ ಫೋನಿನಲ್ಲಿ ಕೇಳಿದಾಗ, ಬಹಳ ಚೆನ್ನಾಗಿತ್ತು ಎಂದರು. ಆಮೇಲೆ ಶುಕ್ರವಾರಕ್ಕೊಮ್ಮೆ ಮಾತ್ರ ಡಬ್ಬಿ ತೆರೆಯುವುದು ಎಂದಾಯಿತು. ನನಗೆ ನಾಲ್ಕು ಪಟ್ಟಿ ಬಡಿಸಿ, ತಾವು ಉಪ್ಪಿನಕಾಯಿ ಹಾಕಿಕೊಳ್ಳುತ್ತಿದ್ದರು. ಡಬ್ಬಿ ಮುಗಿಯುವುದರೊಳಗೆ ಅವಳು ಬರುತ್ತಾಳೆಂದು ಅವರು ನಂಬಿದ್ದರು. ಮೂರು ತಿಂಗಳು ಆಯಿತು, ಕ್ರಿಸ್ಮಸ್ ಆಯಿತು. ಅರ್ಜಿಗೆ ಉತ್ತರ ಬಂತು: ಆಗುವುದಿಲ್ಲ. ಕೊನೆಯ ಒಂದು ಹಿಡಿ ಮಾಂಸವನ್ನು ಬೇಯಿಸಲು ಪಪ್ಪ ಮನಸ್ಸು ಮಾಡಲಿಲ್ಲ, ಕೇಳಲು ನಾನೂ. ಮುಂದಿನ ಬೇಸಿಗೆಯ ತೇವದಲ್ಲಿ ಅದಕ್ಕೆ ಹುಳ ಹಿಡಿದು ಎಸೆಯಬೇಕಾಯಿತು.

ನನ್ನನ್ನು ಊರಿಗೆ ಕಳಿಸುವ ಮಾತು ಪ್ರತಿ ಮಾರ್ಚಿನಲ್ಲೂ ಬರುತ್ತಿತ್ತು. ಈ ಒಂದು ವರ್ಷ, ಹತ್ತನೇ ಮುಗಿಯಲಿ, ಹನ್ನೆರಡು ಮುಗಿಯಲಿ ಎನ್ನುತ್ತ ನನ್ನ ಶಾಲೆಯೇ ಮುಗಿದುಹೋಯಿತು. ವರ್ಷಕ್ಕೆರಡು ತಿಂಗಳು ರಜೆಯಲ್ಲಿ ಅವಳ ಹತ್ತಿರ ಹೋಗುತ್ತಿದ್ದೆ. ನನಗೆ ಜಡೆ ಹಾಕಿದ್ದು ವಾರಿಜಕ್ಕ. ನಾನು ದೊಡ್ಡವಳಾದ ದಿನ ಬಿಸಿನೀರು ಕಾಯಿಸಿ ಕೊಟ್ಟದ್ದೂ ಅವರೇ.

ನಾನೀಗ ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ನಿಯಮ ಬದಲಾಗಿದೆ. ವೀಸಾ ನವೀಕರಣದಲ್ಲಿ ಅಂಥ ಕಲೆ ಕಂಡರೆ ಈಗ ಪರೀಕ್ಷೆ ಮಾಡಿ, ಬೇಕಾದರೆ ಮಾತ್ರೆ ಕೊಟ್ಟು, ಇಲ್ಲೇ ಇರಲು ಬಿಡುತ್ತಾರೆ. ಮೊದಲ ಸಲ ಇದನ್ನು ಕೇಳಿದ ದಿನ ನಾನು ಮಮ್ಮಿಗೆ ಫೋನ್ ಮಾಡಿದೆ, ಆದರೆ ಅದನ್ನು ಹೇಳಲಿಲ್ಲ. ಹವೆಯ ವಿಷಯ ಮಾತಾಡಿ ಇಟ್ಟೆ. ಪಪ್ಪ ನಿವೃತ್ತಿಯಾಗಿ ಊರಿಗೆ ಹೋಗಿದ್ದಾರೆ. ಇಬ್ಬರೂ ಆರಾಮವಾಗಿಯೇ ಇದ್ದಾರೆ, ಯಾರ ಮೇಲೂ ದೂರಿಲ್ಲ.

ಕಳೆದ ರಜೆಯಲ್ಲಿ ಹೋದಾಗ ಮಮ್ಮಿ ನನಗೆಂದು ಹೊಸ ಟವೆಲು, ಅತಿಥಿಗಳಿಗೆಂದು ಗಾಜಿನ ಕಪಾಟಿನಲ್ಲಿಡುವ ತಟ್ಟೆ ತೆಗೆದಿಟ್ಟಿದ್ದಳು. ಬೆಳಿಗ್ಗೆ ನಾನು ಎದ್ದು ಬರುವಾಗ ಒಲೆಯ ಮುಂದೆ ನಿಂತು ಚಹಾ ಸೋಸುತ್ತಿದ್ದಳು. ಸಕ್ಕರೆಯ ಡಬ್ಬಿಯ ಮೇಲೆ ಚಮಚ ಹಿಡಿದ ಕೈ ನಿಂತಿತು. ನನ್ನ ಕಡೆ ತಿರುಗಿ, ಸ್ವಲ್ಪ ನಾಚಿಕೊಂಡವಳಂತೆ ಕೇಳಿದಳು:

"ನೀನು ಸಕ್ಕರೆ ಎಷ್ಟು ಹಾಕಿಕೊಳ್ಳುದು ಪುತಾ?"