ಅಕ್ಕನ ಶನಿ, ನನ್ನ ಹಲಗೆ

ದೂರದರ್ಶಕದ ಸ್ಟ್ಯಾಂಡನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಧೈರ್ಯ ಬರುವುದಿಲ್ಲ.

ನಾನು ಗೋಣಿಬೀಡಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ದಿನವಿಡೀ ಆಳುಗಳ ಹಾಜರಿ ಬರೆಯುವ ಕೆಲಸ. ಹೋದ ಬೇಸಿಗೆಯಲ್ಲಿ ಕನ್ನಡಿ, ಮಸೂರಗಳನ್ನು ಕೊರಿಯರಿನಲ್ಲಿ ತರಿಸಿ, ದಪ್ಪನೆಯ ಪೈಪಿನೊಳಗೆ ಕೂರಿಸಿ ಒಂದು ದೂರದರ್ಶಕ ಮಾಡಿಕೊಂಡೆ. ಸ್ಟ್ಯಾಂಡು ಪೂರ್ತಿ ನನ್ನ ಸ್ವಂತ ವಿದ್ಯೆ. ಎರಡು ದುಂಡು ಪ್ಲೈವುಡ್ ಹಲಗೆ ಒಂದರ ಮೇಲೊಂದು, ನಡುವೆ ಬೋಲ್ಟು. ಕೆಳಗಿನದು ನಿಂತಿರುತ್ತದೆ, ಮೇಲಿನದು ಪೈಪನ್ನು ಹೊತ್ತು ಬೀಸುಕಲ್ಲಿನ ಹಾಗೆ ತಿರುಗುತ್ತದೆ. ಚಂದ್ರನನ್ನು ನೋಡುವಷ್ಟಕ್ಕೆ ಚೆನ್ನಾಗಿಯೇ ತಿರುಗುತ್ತಿತ್ತು.

ಅಕ್ಕ ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ಇದೇ ಎಸ್ಟೇಟಿನ ಗೋದಾಮಿನಲ್ಲಿ ಕಾಫಿ ಬೀಜ ಆರಿಸುತ್ತಾ ವಯಸ್ಸು ಕಳೆದವಳು. ರಾಶಿಯಲ್ಲಿ ಒಂದು ಕಪ್ಪು ಬೀಜವಿದ್ದರೂ ಅವಳ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಈಗ ಆ ಕಣ್ಣಿಗೇ ಕಾಯಿಲೆ. ಒಳಗಿನ ಒತ್ತಡ ಏರಿ ನರ ಸಾಯುತ್ತಿದೆ. ಹೋದ ನೋಟ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಿ ಎಂದು ಚಿಕ್ಕಮಗಳೂರಿನ ಡಾಕ್ಟರು ಹೇಳಿದ್ದರು. ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿನಲ್ಲಿ ನಡುವೆ ಒಂದು ಕಿಂಡಿಯಷ್ಟು ಉಳಿದಿತ್ತು.

ಪೈಪು ನೋಡಿದ ದಿನವೇ ಅವಳು ಕೇಳಿದ್ದಳು, "ಏಳೂವರೆ ವರ್ಷ ನನ್ನ ಹೆಗಲ ಮೇಲೆ ಕೂತಿದ್ನಲ್ಲ ಮಾರಾಯ, ಆ ಶನಿ ಇದ್ರಲ್ಲಿ ಕಾಣ್ತಾನಾ? ಬಳೆ ಹಾಕ್ಕಂಡಿದಾನಂತೆ, ಒಂದ್ಸಲ ನೋಡ್ಬೇಕು."

ನಾವು ಶನಿದೇವರ ಗುಡಿಯಲ್ಲೂ ನೇರ ಎದುರು ನಿಲ್ಲದೆ ಪಕ್ಕದಿಂದ ಕೈಮುಗಿಯುವ ಜನ. ಅದನ್ನು ನೆನಪಿಸಿದೆ.

"ಅವ್ನು ನನ್ನ ನೋಡಿ ಆಯ್ತು. ಇನ್ನು ನಾನು ನೋಡಿದ್ರೆ ಏನಾಗ್ತದೆ?" ಎಂದಳು.

ಶನಿ ಸಂಜೆಯ ಹೊತ್ತು ಸಿಗುವುದು ದೀಪಾವಳಿ ಕಳೆದು ಮೋಡ ಸರಿದ ಮೇಲೆ. ಅಷ್ಟರಲ್ಲಿ ಮಳೆಗಾಲ ಬಂತು. ಬೂಸ್ಟು ಹಿಡಿಯುವ ಯಾವುದನ್ನೂ ಒಲೆಯ ಮೇಲಿನ ಅಟ್ಟಕ್ಕೆ ಹಾಕುವುದು ನಮ್ಮ ಕಡೆಯ ರೂಢಿ. ಬಿತ್ತನೆ ಬೀಜ, ಸೀಗೆಕಾಯಿ, ಬುಟ್ಟಿ ಎಲ್ಲ ಅಲ್ಲೇ ಬದುಕಿಕೊಳ್ಳುತ್ತವೆ. ನಾನು ಸ್ಟ್ಯಾಂಡನ್ನೂ ಏರಿಸಿ ಮಹಾ ಜಾಣನಂತೆ ಕೈ ಕೊಡವಿಕೊಂಡೆ. ನಾಲ್ಕು ತಿಂಗಳು ಹಲಗೆಯ ಒಂದು ಮುಖಕ್ಕೆ ಒಲೆಯ ಕಾವು, ಇನ್ನೊಂದಕ್ಕೆ ಹೆಂಚಿನ ಥಂಡಿ. ಇಳಿಸಿದಾಗ ಹಲಗೆ ಮೊರದ ಹಾಗೆ ಬಾಗಿತ್ತು, ಮೈತುಂಬ ಅಂಟಂಟು ಮಸಿ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಎಂದು ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ಮಸಿ ಒರೆಸಿ, ಆ ಸಂಜೆಯೇ ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಿಸಿ ಶನಿಯನ್ನು ಹಿಡಿದೆ. ಭೂಮಿ ತಿರುಗುತ್ತಲೇ ಇರುವುದರಿಂದ ಶನಿ ಅರ್ಧ ನಿಮಿಷದಲ್ಲಿ ಜಾರಿಹೋಗುತ್ತಾನೆ. ಹಲಗೆಯನ್ನು ಕೂದಲೆಳೆಯಷ್ಟು ನೂಕುತ್ತಲೇ ಇರಬೇಕು. ನನ್ನ ಹಲಗೆ ನೂಕಿದರೆ ಕದಲುತ್ತಿರಲಿಲ್ಲ, ಇನ್ನಷ್ಟು ನೂಕಿದರೆ ಜಿಗಿಯುತ್ತಿತ್ತು. ನನಗಾದರೆ ಅದು ಬರೀ ಕಿರಿಕಿರಿ, ಮತ್ತೆ ಹುಡುಕಿಕೊಳ್ಳುತ್ತೇನೆ. ಅಕ್ಕನಿಗೆ ನಟ್ಟನಡುವೆ ಬಿಟ್ಟು ಬೇರೆಲ್ಲೂ ಕಾಣುವುದಿಲ್ಲ.

"ಏನೋ ಬೆಳ್ಳಗೆ ಓಡ್ತು," ಎಂದಳು. "ನಿಲ್ಸೋಕಾಗಲ್ವಾ?"

ಆಗಲಿಲ್ಲ. ಹದಿನೈದು ಸಲ ಪ್ರಯತ್ನಪಟ್ಟೆವು. ಹದಿನೈದು ಸಲವೂ ಓಡಿದ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಕೊಬ್ಬರಿ ಎಣ್ಣೆ ಹಚ್ಚಿದೆ, ಎರಡು ದಿನ ಚೆನ್ನಾಗಿತ್ತು, ಮೂರನೆಯ ದಿನ ಚಳಿಗೆ ಹೆಪ್ಪುಗಟ್ಟಿತು. ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಗ್ರೀಸು ಮೆತ್ತಿದೆ, ಕೆಸರಿನಲ್ಲಿ ಸಿಕ್ಕ ಗಾಲಿಯಂತಾಯಿತು. ಕೊಯ್ಲು ಬೇರೆ ಶುರುವಾಗಿತ್ತು, ರೈಟರಿಗೆ ರಜೆ ಎಲ್ಲಿಯದು? ಕೆಲಸವೆಲ್ಲ ಭಾನುವಾರಕ್ಕೆ. ಒಂದು ಭಾನುವಾರ ಹೊಸ ಹಲಗೆ ಕೊಯ್ಯಿಸಿದೆ. ಮುಂದಿನ ಭಾನುವಾರ ಕೊಟ್ಟಿಗೆಹಾರದ ಹೋಟೆಲೊಂದರಲ್ಲಿ ಕಿತ್ತುಹಾಕಿದ್ದ ಮೇಜಿನ ಮೈಕಾ ಹಾಳೆ ಸಿಕ್ಕಿತು, ತಂದು ಅಂಟಿಸಿದೆ. ನುಣುಪಾದಷ್ಟೂ ಒಳ್ಳೆಯದೆಂದು ನಾನು ತಿಳಿದಿದ್ದು ತಪ್ಪು. ಎರಡು ನುಣುಪು ಮೈಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಸ್ವಲ್ಪ ತರಿತರಿಯಾಗಿದ್ದ ಆ ಮೈಕಾ ಹಾಳೆಯ ಕೆಳಗೆ ಮೂರೇ ಮೂರು ಚಿಕ್ಕ ಪ್ಲಾಸ್ಟಿಕ್ ತುಂಡು ಸಾಕು. ಅಕ್ಕ ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆಯನ್ನು ತಾನೇ ತಂದುಕೊಟ್ಟಳು. ಅದನ್ನೇ ಕತ್ತರಿಸಿ ಕೂರಿಸಿದೆ.

ಆ ವಾರಗಳಲ್ಲೇ ಒಂದು ಬೆಳಿಗ್ಗೆ ಅವಳು ಕಾಫಿಯನ್ನು ಲೋಟದ ಪಕ್ಕಕ್ಕೆ ಬಗ್ಗಿಸಿದಳು. ನಾನು ನೋಡಿದೆ, ಅವಳೇ ಒರೆಸಿದಳು. ನನಗೆ ಹೆದರಿಕೆಯಾಯಿತು. ಡಾಕ್ಟರು ಹನಿಯನ್ನು ಬದಲಾಯಿಸಿದರು. ನನ್ನ ಕೈಯಲ್ಲಿ ಇದ್ದದ್ದು ಹಲಗೆ ಒಂದೇ, ಅದನ್ನೇ ಉಜ್ಜಿದೆ.

ಎಲ್ಲ ಆದ ಮೇಲೂ ತಿರುಗುವಾಗ ಒಂದು ಕಡೆ ತಡೆಯುತ್ತಿತ್ತು. ಟಾರ್ಚ್ ಹಿಡಿದು ಹುಡುಕಿದೆ, ಏನೂ ಕಾಣಲಿಲ್ಲ. ಬೈದು ನೆಲಕ್ಕೆ ಕುಕ್ಕಿದೆ. ಅಕ್ಕ ಬಂದು ಹಾಳೆಯ ಮೇಲೆ ಬೆರಳಾಡಿಸಿದಳು, ಬೀಜ ಆರಿಸುವಾಗಿನ ಹಾಗೆ.

"ಇಲ್ಲಿ ಉಂಟು ನೋಡು."

ಎಳ್ಳಿನಷ್ಟು ಉಬ್ಬು. ಗೋದಾಮಿನಲ್ಲಿ ಅಂಟು ಹಚ್ಚುವಾಗ ಕಾಫಿ ಬೀಜದ ಒಣ ಸಿಪ್ಪೆ ಒಂದು ಒಳಗೆ ಸೇರಿಕೊಂಡಿತ್ತು. ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿಸಿ, ಹಾಳೆ ಎಬ್ಬಿಸಿ ತೆಗೆದೆ. ಬೋಲ್ಟನ್ನು ಕಾಲು ಸುತ್ತು ಸಡಿಲಿಸಿದೆ. ಆಮೇಲೆ ಒಂದೇ ಬೆರಳಿನಲ್ಲಿ ನೂಕಿದರೂ ಹಲಗೆ ಸದ್ದಿಲ್ಲದೆ ತಿರುಗಿತು, ಬಿಟ್ಟಲ್ಲಿ ನಿಂತಿತು.

ಅದೇ ಸಂಜೆ, ಏಳು ಗಂಟೆಗೆ, ಮಂಜು ಇರಲಿಲ್ಲ. ಸಿಲ್ವರ್ ಓಕ್ ಮರಗಳ ಮೇಲೆ ಶನಿ ಇದ್ದ. ಹಿಡಿದು, ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಎಡಗಣ್ಣನ್ನು ಮಸೂರಕ್ಕೆ ಹೊಂದಿಸಿದೆ.

"ಎಲ್ಲಿದಾನೆ?"

"ನಟ್ಟನಡುವೆ."

ನಾನು ಹಲಗೆ ನೂಕುತ್ತಿದ್ದೆ, ಅವಳು ಬಹಳ ಹೊತ್ತು ನೋಡಿದಳು. ನಾನು ಇಣುಕಿ ಪರೀಕ್ಷಿಸಿದೆ. ಬಳೆ ಸಮೇತ ನಡುವೆಯೇ ಇದ್ದ. ಮತ್ತೆ ಕೂರಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ನೂಕುತ್ತಾ ಅವನನ್ನು ಅಲ್ಲೇ ನಿಲ್ಲಿಸಿಕೊಂಡೆ.

"ಈಗ?"

"ಇಲ್ಲ," ಎಂದಳು. ಕಣ್ಣನ್ನು ಮಸೂರದಿಂದ ತೆಗೆಯದೆಯೇ, "ನಡುವೆ ಅಂದ್ರೆ ಎಲ್ಲಿ ಅಂತ ಗೊತ್ತಾಗ್ತಿಲ್ಲ ನಂಗೆ."

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವಳು ಬಗ್ಗಿ ಹಲಗೆಯ ಅಂಚನ್ನು ತಡಕಿ ಹಿಡಿದು ಅತ್ತ ಒಂದು ಸಲ, ಇತ್ತ ಒಂದು ಸಲ ತಿರುಗಿಸಿದಳು.

"ಚೆನ್ನಾಗಿ ತಿರುಗ್ತದೆ ಮಾರಾಯ. ಒಂದು ಕಡೆನೂ ತಡೀತಿಲ್ಲ."

ನಾನು ಸ್ಪ್ಯಾನರ್ ಹಿಡಿದು ಮಂಡಿಯೂರಿದೆ. ಬೋಲ್ಟನ್ನು ಸ್ವಲ್ಪ ಬಿಗಿ ಮಾಡಿದೆ, ಮತ್ತೆ ಸಡಿಲ ಮಾಡಿದೆ. ಅದರಲ್ಲಿ ಸರಿಮಾಡಲು ಏನೂ ಉಳಿದಿರಲಿಲ್ಲ.