ಮೂರು ಸಲ ಜಗ್ಗಿದರೆ

ನಂಬಿ ಎಂದು ನಾನು ಯಾರ ಕಾಲನ್ನೂ ಹಿಡಿಯುವುದಿಲ್ಲ. ಇಂಥ ಕಥೆ ಕೇಳಿ ನಗುತ್ತಿದ್ದವನು ನಾನೇ. ಕುಂದಾಪುರದಲ್ಲಿ ಮಿಕ್ಸಿ, ಫ್ಯಾನು, ಪಂಪ್‌ಸೆಟ್ ರಿಪೇರಿ ಮಾಡುವುದು ನನ್ನ ಕಸುಬು. ಎಲ್ಲಿಂದಲೋ ಶಬ್ದ ಬಂತೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಬಿಚ್ಚಿ ನೋಡಿದರೆ ಸಿಗುತ್ತದೆ ಎಂದು ನಂಬಿದವನು. ಆ ಮಾರ್ಚ್ ತಿಂಗಳ ರಾತ್ರಿ ನಡೆದದ್ದನ್ನು ಮಾತ್ರ ಇವತ್ತಿಗೂ ಬಿಚ್ಚಿ ನೋಡಲಾಗಿಲ್ಲ. ನಡೆದದ್ದಂತೂ ನಿಜ. ಗುರುತು ನನ್ನ ಬಲಗೈ ತೋರುಬೆರಳ ಮೇಲಿದೆ.

ನನ್ನ ಗೆಳೆಯ ರಾಘು ನಾವುಂದದ ಕಡೆಯವನು. ಹೊಳೆಯಲ್ಲಿ ಮುಳುಗಿ ಚಿಪ್ಪು ಹೆಕ್ಕುವ ಮನೆಯವರು. ಮುಳುಗುವವನ ಸೊಂಟಕ್ಕೆ ಹಗ್ಗ, ಅದರ ತುದಿ ದೋಣಿಯಲ್ಲಿ ಕೂತವನ ಕೈಯಲ್ಲಿ. ಕೆಳಗಿನಿಂದ ಒಂದು ಸಲ ಜಗ್ಗಿದರೆ 'ಸರಿ ಇದ್ದೇನೆ' ಎಂದರ್ಥ; ಮೇಲಿದ್ದವನೂ ಒಂದು ಸಲ ಜಗ್ಗಿ ಉತ್ತರ ಕೊಡಬೇಕು. ಮೂರು ಸಲ ಜಗ್ಗಿದರೆ... ಏನೂ ಯೋಚಿಸದೆ ಎಳೆಯಬೇಕು. ಅವರ ಮನೆಯಲ್ಲಿ ಮಕ್ಕಳಿಗೆ ಈಜಿಗಿಂತ ಮೊದಲು ಇದನ್ನು ಕಲಿಸುತ್ತಾರೆ.

ಆ ರಾತ್ರಿಗೆ ಎರಡು ವರ್ಷ ಮೊದಲು ರಾಘುವಿನ ಅಣ್ಣ ಶೇಖರ ಊರಿನ ಕಿಂಡಿ ಅಣೆಕಟ್ಟಿನ ಬುಡದಲ್ಲಿ ತೀರಿಹೋದ. ಉಪ್ಪುನೀರು ಮೇಲೇರದಂತೆ ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸುತ್ತಾರಲ್ಲ, ಹಾಗೆ ಇಳಿಸುವಾಗ ಜಾರಿದ ಹಲಗೆಯನ್ನು ತೆಗೆಯಲು ಮುಳುಗಿದ್ದ. ಹಗ್ಗ ಸಂದಿಗೆ ಸಿಕ್ಕಿಕೊಂಡಿತು. ಅದರ ತುದಿ ರಾಘುವಿನ ಕೈಯಲ್ಲಿತ್ತು. ಆ ದಿನದ ಬಗ್ಗೆ ಅವನು ಬಾಯಿ ಬಿಟ್ಟದ್ದಿಲ್ಲ, ನಾನು ಕೇಳಿದ್ದೂ ಇಲ್ಲ. ಆಮೇಲೆ ರಾಘು ಚಿಪ್ಪಿಗೆ ಮುಳುಗುವಾಗೆಲ್ಲ ಹಗ್ಗ ಹಿಡಿಯುವವನು ನಾನಾದೆ. ಸುಳ್ಳೇಕೆ, ಅದರಲ್ಲಿ ನನಗೊಂದು ಹೆಮ್ಮೆಯೂ ಇತ್ತು.

ಹಲಗೆ ಹಾಕಿದ ಮೇಲೆ ಅಣೆಕಟ್ಟಿನ ಹಿಂದೆ ಸಿಹಿನೀರು ನಿಂತು ದೊಡ್ಡ ಕೆರೆಯೇ ಆಗುತ್ತದೆ. ಕಂಬಗಳ ನೆರಳಿನಲ್ಲಿ ಕೆಂಬೇರಿ ಮೀನು ಹೊಂಚು ಹಾಕಿ ಕೂರುತ್ತದೆ. ನಮ್ಮಿಬ್ಬರಿಗೂ ಲ್ಯೂರ್ ಹುಚ್ಚು. ಪ್ಲಾಸ್ಟಿಕ್ಕಿನ ಸುಳ್ಳು ಮೀನನ್ನು ಎಸೆದು, ಎಳೆದು ಕುಣಿಸಿ, ನಿಜವಾದ ಮೀನಿಗೆ ಮೋಸ ಮಾಡುವ ಗಾಳ. ಆದರೆ ರಾಘು ಆ ಅಣೆಕಟ್ಟಿನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಹೆದರುಪುಕ್ಕಲ ಎಂದು ಕಿಚಾಯಿಸಿ ಕಿಚಾಯಿಸಿ ಅವನನ್ನು ಅಲ್ಲಿಗೆ ಎಳೆದುಕೊಂಡು ಹೋದವನು ನಾನು.

ಅವನು ಅವತ್ತು ಕಟ್ಟಿದ್ದು ಅಣ್ಣನ ಲ್ಯೂರ್. ಶೇಖರ ಮುಂಬಯಿಯ ಹೋಟೆಲಿನಲ್ಲಿದ್ದಾಗ ತಂದದ್ದು. ಬಿಳಿ ಮೈ, ಕೆಂಪು ತಲೆ.

ಹೊತ್ತು ಮುಳುಗಿತು. ಒಂದೂ ಮೀನು ಬೀಳಲಿಲ್ಲ. ಕಪ್ಪೆಗಳು ವಟಗುಟ್ಟುತ್ತಿದ್ದವು. ಹಲಗೆಯ ಸಂದಿಯಿಂದ ನೀರು ಸೋರುವ ಸಣ್ಣ ಶಬ್ದ... ಸುಯ್ಯ್... ಒಂದೇ ಸಮನೆ ಕೇಳುತ್ತಿತ್ತು.

"ಹೋಪ ಮಾರಾಯ, ಕತ್ಲಿ ಆಯ್ತ್," ಎಂದೆ.

"ಇನ್ನೊಂದ್ ಸಲ ಬಿಸಾಡ್ತೆ."

ಆ ಕೊನೆಯ ಎಸೆತದಲ್ಲಿ ಲ್ಯೂರ್ ಮೂರನೇ ಕಂಬದ ಆಚೆ ಎಲ್ಲೋ ಸಿಕ್ಕಿಬಿತ್ತು. ಎಷ್ಟು ಎಳೆದರೂ ಬರಲಿಲ್ಲ.

"ನೂಲ್ ಕತ್ರಸ್. ಬೇರೆ ತಕಂಬ."

"ಅಣ್ಣಂದ್ ಅದ್. ಬಿಟ್ಟಿಕ್ ಬಪ್ಪುಕೆ ಆತಿಲ್ಲೆ," ಎಂದವನೇ ರಾಘು ಅಂಗಿ ಬಿಚ್ಚಿದ. ತಲೆಗೆ ಕಟ್ಟಿದ್ದ ಟಾರ್ಚು ನೀರಿಗೆ ಆಗುವುದಿಲ್ಲವೆಂದು ನನಗೆ ಕೊಟ್ಟ. ಗಾಳದ ರಾಡನ್ನೂ ನನ್ನ ಕೈಗೆ ಕೊಟ್ಟು, "ನೂಲ್ ಹಿಡ್ಕಂಡೇ ಹೋತೆ. ಜಗ್ಗುದ್ ಗೊತ್ತಿತ್ತಲೆ?" ಎಂದ.

"ಗೊತ್ತಿತ್ತ್. ಬೇಗ ಬಾ."

ನೂಲನ್ನು ಬೆರಳ ಸಂದಿಯಲ್ಲಿ ಹಿಡಿದು ನೀರಿಗಿಳಿದ. ಟಾರ್ಚಿನ ಬೆಳಕಿನಲ್ಲಿ ಅವನ ತಲೆ ಕಂಬದ ಮರೆಗೆ ಹೋಗುವವರೆಗೂ ಕಂಡಿತು. ಆಮೇಲೆ ಬರೀ ನೀರು.

ನೂಲಿನ ಮೇಲೆ ತೋರುಬೆರಳಿಟ್ಟು ಕಾದೆ. ಸ್ವಲ್ಪ ಹೊತ್ತಿಗೆ ಒಂದು ಜಗ್ಗು. ನಾನೂ ಒಂದು ಜಗ್ಗಿದೆ. ಮತ್ತೆ ಒಂದು... ಉತ್ತರ ಕೊಟ್ಟೆ. ಮತ್ತೆ ಒಂದು. ಹೀಗೆ ಏಳೆಂಟು ಸಲ ಆಗಿರಬೇಕು. ಇಷ್ಟು ಹೊತ್ತು ಯಾರೂ ಉಸಿರು ಕಟ್ಟಿರಲಾರರು ಎಂದು ಆಗ ಹೊಳೆಯಿತು.

ಆಗಲೇ ಗಮನಿಸಿದ್ದು... ಕಪ್ಪೆಗಳು ಸುಮ್ಮನಾಗಿದ್ದವು. ನೀರು ಸೋರುವ ಶಬ್ದವೂ ಇರಲಿಲ್ಲ. ತೆಂಗಿನ ಸಿಪ್ಪೆ ಕೊಳೆತ ವಾಸನೆ ಮೂಗಿಗೆ ಬಡಿಯಿತು. ನಾರಿನ ಹಗ್ಗ ಹೊಸೆಯುವವರ ಮನೆಯ ಹಿಂದೆ ಬರುತ್ತದಲ್ಲ, ಅದೇ ವಾಸನೆ. ಅಲ್ಲೆಲ್ಲೂ ಸಿಪ್ಪೆ ಕೊಳೆಸುವ ಹೊಂಡವಿಲ್ಲ.

"ಹ್ವಾಯ್ ಗಣಪ... ಯಾರಿಗ್ ಜಗ್ತಾ ಇದ್ದೆ ನೀನ್?"

ದನಿ ನನ್ನ ಬೆನ್ನ ಹಿಂದಿನಿಂದ ಬಂತು. ತಿರುಗಿದೆ. ರಾಘು ದಡದ ಮೇಲೆ ನಿಂತಿದ್ದ. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀನ್... ನೂಲ್ ಎಲ್ಲಿ?" ಎಂದೆ.

"ಕಂಬದ್ ಹತ್ರವೇ ಕೈ ತಪ್ತ್. ಹುಡ್ಕಿರೂ ಸಿಕ್ಲಿಲ್ಲೆ. ಆಚಿ ದಡಕ್ ಹತ್ತಿ, ಕಟ್ಟದ್ ಮೇಲೆ ನಡ್ಕಂಡ್ ಬಂದೆ. ಎಷ್ಟ್ ಕೂಗ್ದೆ ನಿಂಗೆ."

ನನಗೊಂದು ಕೂಗೂ ಕೇಳಿರಲಿಲ್ಲ.

ನನ್ನ ಬೆರಳಿನ ಕೆಳಗೆ ನೂಲು ಮತ್ತೆ ಒಂದು ಸಲ ಜಗ್ಗಿತು. ರಾಡಿನ ತುದಿ ಬಾಗಿದ್ದನ್ನು ರಾಘುವೂ ನೋಡಿದ.

"ಮೀನೇ ಅದ್," ಎಂದೆ. ಹೇಳುವಾಗಲೇ ನನಗೆ ನಂಬಿಕೆ ಇರಲಿಲ್ಲ.

ರಾಘು ರಾಡು ಕಸಿದುಕೊಂಡು ಪರೀಕ್ಷೆಗೆಂದು ಎರಡು ಸಲ ಜಗ್ಗಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ... ಎರಡು. ಅವಸರವಿಲ್ಲದೆ, ಎಣಿಸಿ ಕೊಟ್ಟ ಹಾಗೆ. ಓಡಿಹೋಗೋಣ ಎನಿಸಿತು.

ಆಮೇಲೆ ಅದಾಗಿಯೇ ಜಗ್ಗಿತು. ಒಂದು. ಎರಡು. ಮೂರು.

ರಾಘುವಿನ ಮುಖ ನಾನು ಮರೆಯುವಂಥದ್ದಲ್ಲ. ಪಿಸುದನಿಯಲ್ಲಿ, "ಅವತ್ತೂ ಮೂರ್ ಸಲ ಜಗ್ಗಿದ್ದ," ಎಂದ. "ಅಣ್ಣ ಕುಶಾಲ್ ಮಾಡ್ತ ಅಂದೇಳಿ ನಾ ನೆಗಾಡ್ತಾ ಕೂಕಂಡಿದ್ದೆ."

ನಾನು ಹಿಡಿಯುವಷ್ಟರಲ್ಲಿ ರಾಡನ್ನು ಕೆಳಗೆ ಬಿಸಾಕಿ, ನೂಲನ್ನು ಮುಂಗೈಗೆ ಸುತ್ತಿಕೊಂಡು ನೀರಿಗಿಳಿದುಬಿಟ್ಟಿದ್ದ. ಚಿಪ್ಪು ಹೆಕ್ಕುವವರು ಹಗ್ಗವನ್ನು ಹಾಗೆಯೇ ಸುತ್ತಿಕೊಳ್ಳುವುದು. ಆದರೆ ಇದು ಹಗ್ಗವಲ್ಲ, ಚರ್ಮ ಕೊಯ್ಯುವ ನೂಲು. ಅವನು ಎಳೆಯುತ್ತಿದ್ದ. ಎಳೆದಷ್ಟೂ ಅವನೇ ಮುಂದೆ ಹೋಗುತ್ತಿದ್ದ. ಸೊಂಟ... ಎದೆ... ಕುತ್ತಿಗೆ.

ನಾನೂ ಧುಮುಕಿದೆ. ಹಿಂದಿನಿಂದ ಅವನ ಚಡ್ಡಿಯ ಪಟ್ಟಿ ಹಿಡಿದೆ. ನಮ್ಮಿಬ್ಬರ ಭಾರವೂ ಅದಕ್ಕೆ ಲೆಕ್ಕಕ್ಕಿರಲಿಲ್ಲ. ಕಾಲ ಕೆಳಗಿನ ಕೆಸರು ಜಾರುತ್ತಿತ್ತು.

"ಬಿಡ್ ರಾಘು, ಬಿಡ್ ಅದನ್."

"ಎಳಿ ಗಣಪ. ಮೂರ್ ಸಲ ಜಗ್ಗಿದ... ಎಳಿ."

ನನ್ನ ಕಿಸೆಯಲ್ಲಿ ವಯರು ಸುಲಿಯುವ ಚಾಕು ಇತ್ತು. ಅವನ ಕೈಯ ಆಚೆಗೆ ಚಾಚಿ, ತೋರುಬೆರಳಿನಿಂದ ನೂಲನ್ನು ತಡಕಿದೆ. ಬೆರಳು ಕೊಯ್ದುಹೋಯಿತು. ಅಷ್ಟರಲ್ಲೇ ಆ ಬೆರಳಿಗೆ ಮತ್ತೊಮ್ಮೆ ತಿಳಿಯಿತು... ಮೂರು ಸಲ. ಈ ಸಲ ಮೆಲ್ಲಗೆ.

ಕತ್ತರಿಸಿದೆ.

ಇಬ್ಬರೂ ಹಿಂದಕ್ಕೆ ಬಿದ್ದೆವು. ನೀರು ಕುಡಿದು ಮೇಲೆದ್ದಾಗ ಹಲಗೆಯ ಸಂದಿಯ ಸುಯ್ಯ್ ಶಬ್ದ ಮತ್ತೆ ಶುರುವಾಗಿತ್ತು. ಕಪ್ಪೆಗಳೂ ಕೂಗುತ್ತಿದ್ದವು, ಏನೂ ಆಗಿಲ್ಲವೆಂಬಂತೆ.

ಬೈಕಿನಲ್ಲಿ ರಾಘು ನನ್ನ ಹಿಂದೆ ಕೂತ. ಹೆದ್ದಾರಿ ಬಂದ ಮೇಲೆ ಒಂದೇ ಪ್ರಶ್ನೆ ಕೇಳಿದ.

"ಕಡಿಗೆ ಜಗ್ಗಿದ್ದ್ ನಿಂಗೂ ಗೊತ್ತಾಯ್ತಲ್ದಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಾಯ್ತ್," ಎಂದೆ.

ಮಳೆಗಾಲಕ್ಕೆ ಮೊದಲು ಹಲಗೆ ತೆಗೆದಾಗ ನಾನೊಬ್ಬನೇ ಹೋಗಿ ಕಂಬದ ಬುಡವನ್ನೆಲ್ಲ ಹುಡುಕಿದೆ. ಲ್ಯೂರ್ ಇರಲಿಲ್ಲ, ನೂಲೂ ಇರಲಿಲ್ಲ. ದೊಡ್ಡ ಕೆಂಬೇರಿ ಕಚ್ಚಿಕೊಂಡು ಹೋಗಿರಬೇಕು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಕೆಂಬೇರಿ ಎಣಿಸುತ್ತದೆಯೇ?

ಗೆಳೆಯನನ್ನು ಉಳಿಸಿಕೊಂಡೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹೌದು, ಉಳಿಸಿಕೊಂಡೆ. ರಾಘು ನನ್ನ ಮೇಲೆ ಸಿಟ್ಟು ಮಾಡಿಕೊಂಡಿಲ್ಲ. ಮನೆಗೆ ಬರುತ್ತಾನೆ, ಚಾ ಕುಡಿಯುತ್ತಾನೆ, ಮಕ್ಕಳನ್ನು ಆಡಿಸುತ್ತಾನೆ. ಭಾನುವಾರ ಚಿಪ್ಪಿಗೆ ಹೋಗುವಾಗ ದೋಣಿಗೆ ಕರೆಯುತ್ತಾನೆ, ನಾನೂ ಹೋಗುತ್ತೇನೆ.

ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಾನೆ. ಮೊದಲಿನಂತೆ ತುದಿ ಹಿಡಿಯಲು ನಾನು ಕೈ ಚಾಚುತ್ತೇನೆ. ಅವನು ನನ್ನ ಮುಖ ನೋಡದೆ, ಹಗ್ಗದ ಇನ್ನೊಂದು ತುದಿಯನ್ನು ದೋಣಿಯ ಅಡ್ಡಹಲಗೆಗೆ ಕಟ್ಟಿ, ಎರಡು ಗಂಟು ಹಾಕಿ, ಮುಳುಗುತ್ತಾನೆ.